ಅಪ್ಪನ ಫೋಟೋಗೆ ಮಾಲೆ

ಅಪ್ಪನದ್ದು ಅಂತ ನನ್ನ ಬಳಿ ಇದ್ದದ್ದು ಒಂದೇ ಫೋಟೋ. ಅದೂ ಅವರೊಬ್ಬರದ್ದಲ್ಲ. ವಿಲೆ ಪಾರ್ಲೆಯ ಹಳೆಯ ಚಾಳಿನ ಎದುರು ಬಾಡಿಗೆದಾರರೆಲ್ಲ ಸೇರಿ ತೆಗೆಸಿಕೊಂಡದ್ದು. ಚಾಳಿನ ಕೆಳಗಿದ್ದ ಹೋಟೆಲಿನ ಅಡುಗೆಯವರು ನನ್ನಪ್ಪ. ಹಿಂದಿನ ಸಾಲಿನ ತುದಿಯಲ್ಲಿ, ಹೆಗಲ ಮೇಲೆ ಬೈರಾಸು, ತೋಳಿನಲ್ಲಿ ಯಾರದೋ ಪುಟ್ಟ ಹುಡುಗಿ.

ಅಪ್ಪ ತೀರಿಕೊಂಡ ಮೇಲೆ ಊರಿನ ಶಾಲೆ ಬಿಟ್ಟು ಅದೇ ಹೋಟೆಲಿಗೆ ಬಂದೆ. ತಟ್ಟೆ ತೊಳೆದೆ, ಹಿಟ್ಟು ರುಬ್ಬಿದೆ, ಕೊನೆಗೆ ಗಲ್ಲೆಯಲ್ಲಿ ಕೂತೆ. ಯಾರ ಶಿಫಾರಸೂ ಇರಲಿಲ್ಲ. ಗಲ್ಲೆಯ ಮೇಲೆ ದೇವರ ಪಟ, ಪಕ್ಕದಲ್ಲಿ ಈ ಫೋಟೋ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಎರಡಕ್ಕೂ ಹೂವಿನ ಮಾಲೆ, ಊದುಬತ್ತಿ. ಆಮೇಲೆಯೇ ಮೊದಲ ಕಾಪಿ. ಹೊಗೆ ತಾಗಿ ಫೋಟೋದ ಒಂದು ಮೂಲೆ ಹಳದಿಯಾಗಿತ್ತು.

ಸ್ಟೇಷನ್ ಹತ್ತಿರದ ಹಳೆಯ ಬಂಗಲೆಯೊಂದರಲ್ಲಿ ಈ ಊರಿನ ಮೊದಮೊದಲ ನಿವಾಸಿಗಳ ಫೋಟೋಗಳನ್ನಿಟ್ಟು ಒಂದು ಸಣ್ಣ ಮ್ಯೂಸಿಯಂ ಮಾಡಿದರು. ನನ್ನದನ್ನೂ ಕೇಳಿದರು. ಮೊದಲು ಕೊಡಲಿಲ್ಲ. ಆಮೇಲೆ ಅನ್ನಿಸಿತು: ಗೋಡೆಯ ಮೇಲೆ ಡಾಕ್ಟರು, ವಕೀಲರು, ಬಂಗಲೆಯವರು ಎಲ್ಲ ಇರುತ್ತಾರೆ, ಅವರಿಗೆ ತಿಂಡಿ ಕೊಟ್ಟವರೂ ಇರಲಿ. ನಾನೇ ಹೊಸ ಫ್ರೇಮು ಹಾಕಿಸಿ ಕೊಟ್ಟೆ.

ಆರಂಭದ ದಿನ ಇಸ್ತ್ರಿಯ ಬಿಳಿ ಅಂಗಿ ಹಾಕಿ, ಸೇವಂತಿಗೆ ಮಾಲೆ ಕಟ್ಟಿಸಿಕೊಂಡು ಬೇಗ ಹೋದೆ. ಅಪ್ಪನನ್ನು ಬರಿದಾಗಿ ನಿಲ್ಲಿಸುವುದು ಹೇಗೆ? ಮಾಲೆ ಹಾಕಿ, ಕೈ ಮುಗಿದು, ಹಿಂದೆ ಸರಿದು ನಿಂತು ನೋಡಿದೆ. ಇಡೀ ಗೋಡೆಯಲ್ಲಿ ನಮ್ಮದೇ ಫೋಟೋ ಎದ್ದು ಕಾಣುತ್ತಿತ್ತು.

ಜನ ಬಂದರು. ನನ್ನದೇ ವಯಸ್ಸಿನ ಹೆಂಗಸೊಬ್ಬರು ಕೋಲೂರಿಕೊಂಡು ಬಂದು ಆ ಫೋಟೋದ ಮುಂದೆಯೇ ನಿಂತುಬಿಟ್ಟರು. ಮಾಲೆ ಹಾಕಿದ್ದು ಯಾರೆಂದು ಮರಾಠಿಯಲ್ಲಿ ಗಟ್ಟಿಯಾಗಿ ಕೇಳಿದರು.

"ನಾನು ಮಾರಾಯ್ರೆ," ಅಂದೆ, ಬಾಯಿಗೆ ಕನ್ನಡವೇ ಬಂದು.

"ಹಂಗಾರ ಕನ್ನಡದಾಗ ಬೈತೀನಿ ತಡೀರಿ. ಏನ್ರೀ ಅಣ್ಣಾರ, ಅಷ್ಟು ಅವಸರ ಏನಿತ್ತು? ನಾ ಇನ್ನೂ ಇದ್ದೀನಿ!"

ಕೋಲಿನ ತುದಿ ಅಪ್ಪನ ತೋಳಿನಲ್ಲಿದ್ದ ಹುಡುಗಿಯನ್ನು ತೋರಿಸುತ್ತಿತ್ತು. ಸುತ್ತಲಿದ್ದವರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅಷ್ಟು ವರ್ಷ ದಿನಾ ಮಾಲೆ ಹಾಕಿದವನಿಗೆ, ಅದರಲ್ಲಿ ಇನ್ನೂ ಬದುಕಿರುವವರು ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಅಯ್ಯೋ ಅಕ್ಕ, ಅದು ನಿಮಗಲ್ಲ. ನನ್ನ ಅಪ್ಪನಿಗೆ. ನಿಮ್ಮನ್ನು ಎತ್ತಿಕೊಂಡಿದ್ದಾರಲ್ಲ, ಅವರು."

ಮಾಲೆ ತೆಗೆದೆ. ಆದರೆ ಮನಸ್ಸು ಒಪ್ಪಲಿಲ್ಲ. ಮಾಲೆ ಇಲ್ಲದೆ ಇಲ್ಲಿ ಬಿಡುವುದಕ್ಕಿಂತ ಫೋಟೋವನ್ನೇ ಹೋಟೆಲಿಗೆ ವಾಪಸು ಒಯ್ಯುತ್ತೇನೆ ಅಂದುಕೊಂಡು ಫ್ರೇಮಿಗೆ ಕೈ ಹಾಕಿದೆ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. "ಅಡಗಿ ಕಾಕಾನ ಮಗಾ ಏನು ನೀವು? ಊರಾಗಿದ್ದ ಹುಡುಗಾ?" ಧ್ವನಿ ಮೆತ್ತಗಾಗಿತ್ತು. "ನಮ್ಮವ್ವ ಹೇಳತಿದ್ಲು. ಕೆಲಸ ಮುಗಿದ ಮ್ಯಾಲೆ ದಿನಾ ನನ್ನ ಎತ್ತಿಕೊಂಡು ಗ್ಯಾಲರಿಯೊಳಗ ಅಡ್ಡಾಡತಿದ್ರಂತ. 'ಊರಾಗ ನಂದೂ ಇಂಥಾದ್ದೊಂದು ಕೂಸು ಅದ. ನಾ ಹೋದ್ರ ಹೆದರಿ ಓಡಿಹೋಗತದ, ಕೈಗೇ ಸಿಗಂಗಿಲ್ಲ' ಅಂತಿದ್ರಂತ."

ನಿಜ. ವರ್ಷಕ್ಕೊಮ್ಮೆ ಟ್ರಂಕು ಹಿಡಿದು ಅಂಗಳಕ್ಕೆ ಬರುತ್ತಿದ್ದ ಗಡ್ಡದ ಮನುಷ್ಯನನ್ನು ಕಂಡರೆ ನಾನು ಅಮ್ಮನ ಸೀರೆಯ ಹಿಂದೆ ಅಡಗುತ್ತಿದ್ದೆ. ನನ್ನ ಭಯ ಬಿಡುವಷ್ಟರಲ್ಲಿ ಅವರ ರಜೆ ಮುಗಿದಿರುತ್ತಿತ್ತು. ಅವರು ನನ್ನನ್ನು ಎತ್ತಿಕೊಂಡ ನೆನಪೇ ನನಗಿಲ್ಲ.

ಫ್ರೇಮಿನಿಂದ ಕೈ ತೆಗೆದೆ.

"ಫೋಟೋ ಇಲ್ಲೇ ಇರಲಿ ಬಿಡ್ರಿ," ಅಕ್ಕ ಅಂದರು. "ಆ ಮಾಲಿ ಒಯ್ದು ನಿಮ್ಮ ದೇವರಿಗೆ ಹಾಕ್ರಿ. ನಂದು ಮುಗಿದ ಮ್ಯಾಲೆ ಇಬ್ಬರಿಗೂ ಕೂಡೇ ತರೀರಂತ. ದೊಡ್ಡದು ತರ್ರಿ, ಮತ್ತ!"

ಗಲ್ಲೆಯ ಮೇಲೆ ಖಾಲಿ ಮೊಳೆ ಇನ್ನೂ ಇದೆ. ಹೂವಿನವಳಿಗೆ ಒಂದೇ ಮಾಲೆ ಸಾಕೆಂದು ಹೇಳಿದ್ದೇನೆ. ಭಾನುವಾರ ಅಕ್ಕ ಇಡ್ಲಿಗೆ ಬರುತ್ತಾರೆ, ಚಟ್ನಿಗೆ ಖಾರ ಸಾಲದೆಂದು ಬೈಯುತ್ತಾರೆ. ಅವರು ಹೀಗೆ ಬರುತ್ತಿರುವವರೆಗೆ ಅಪ್ಪನಿಗೂ ಮಾಲೆ ಇಲ್ಲ.