ದೊಡ್ಡವ್ವನಿಗೆ ತಕ್ಕ ಗಾಡಿ

ಚಪ್ಪಲಿ ಕೊಳ್ಳಹೊರಟವನು ಅಂಗಡಿಯಲ್ಲಿ ಅದನ್ನು ತನ್ನ ಕಾಲಿಗೇ ಹಾಕಿ ನೋಡುತ್ತಾನೆಯೇ ಹೊರತು ಪಕ್ಕದ ಮನೆಯವನ ಕಾಲನ್ನು ಎರವಲು ತರುವುದಿಲ್ಲ. ಇಷ್ಟು ಸಾಮಾನ್ಯಜ್ಞಾನವುಳ್ಳ ಮನುಷ್ಯಕುಲ, ಕಾಲು ಸೋತ ಹಿರಿಯರಿಗೊಂದು ವಾಹನ ಕೊಡಿಸುವ ಪ್ರಸಂಗ ಬಂದೊಡನೆ ಯಾಕೆ ತಲೆಕೆಳಗಾಗುತ್ತದೋ ನಾನರಿಯೆ. ಕೂರಬೇಕಾದವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಅದರಲ್ಲಿ ಕೂತು ನೋಡುತ್ತಾರೆ, ಬಣ್ಣ ಸಾಲದು ಎನ್ನುತ್ತಾರೆ, ತಮ್ಮ ಸೊಂಟಕ್ಕೆ ಒಗ್ಗಿತೆಂದು ತೀರ್ಪು ಕೊಡುತ್ತಾರೆ. ಇದು ನಾನು ಕೇಳಿ ಹೇಳುವ ಮಾತಲ್ಲ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ಕೊಳ್ಳೇಗಾಲದ ನಮ್ಮ ಮನೆಯ ಜಗಲಿಯ ಮೇಲೆ ಕಣ್ಣಾರೆ ಕಂಡದ್ದು, ಮತ್ತು ಹೈಸ್ಕೂಲಿನ ಕನ್ನಡ ಪಂಡಿತನೆಂಬ ಗರ್ವದಿಂದ ನಾನೂ ಬಾಯಿ ಹಾಕಿದ್ದು.

ಗಾಡಿ ಬೇಕಾಗಿದ್ದುದು ನಮ್ಮ ದೊಡ್ಡವ್ವನಿಗೆ, ಎಂದರೆ ನನ್ನ ದೊಡ್ಡಪ್ಪನ ಹೆಂಡತಿಗೆ. ಅವಳ ಮಂಡಿಗಳೆರಡೂ ಒಮ್ಮತದಿಂದ ಅಸಹಕಾರ ಚಳವಳಿ ಹೂಡಿದ್ದವು. ಅದುವರೆಗೂ ಅವಳು ಮಧ್ಯಾಹ್ನದ ಊಟವಾದೊಡನೆ ಎಲೆಯಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಳಗಿನ ಬೀದಿಯಲ್ಲಿದ್ದ ಬಾಲ್ಯದ ಗೆಳತಿ ಪುಟ್ಟತಾಯಮ್ಮನ ಮನೆಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುತ್ತಿದ್ದಳು. ಪುಟ್ಟತಾಯಮ್ಮನಿಗೋ ಕಣ್ಣು ಮಂಜಾಗಿ ಹೊಸಿಲು ದಾಟುವುದೇ ನಿಂತುಹೋಗಿತ್ತು. ಹೊಲದ ಬದುವಿನ ಒಂದು ಹುಣಿಸೆಮರದ ದೆಸೆಯಿಂದ ಎರಡೂ ಮನೆಗಳವರು ಮಾತು ಬಿಟ್ಟು ಯಾವ ಕಾಲವಾಗಿತ್ತೋ! ದೊಡ್ಡವ್ವನ ಹಿರಿಮಗ, ದಿನಸಿ ವ್ಯಾಪಾರಿ ಮಾದಪ್ಪಣ್ಣ, ಕೆಳಗಿನ ಬೀದಿಯ ಕಡೆಯಿಂದ ಗಾಳಿ ಬೀಸಿದರೂ ಕಿಟಕಿ ಮುಚ್ಚುವಷ್ಟು ನಿಷ್ಠೆಯಿಂದ ಆ ಹಗೆಯನ್ನು ಪಾಲಿಸುತ್ತಿದ್ದ. ಆದರೆ ಕಾಲಿದ್ದ ತಾಯಿಯನ್ನು ಕಟ್ಟಿಹಾಕುವುದುಂಟೆ? ಮಂಡಿ ಹಿಡಿದುಕೊಂಡ ಮೇಲೆ ಅವನ ಕೆಲಸ ಸಲೀಸಾಯಿತು.

"ಅವ್ಳು ಬದುಕವ್ಳೋ ಸತ್ತವ್ಳೋ ಅಂತ್ಲೂ ಯಾರೂ ನಂಗೆ ಏಳಕಿಲ್ಲ ಕಣಪ್ಪಾ. ಒಂದ್ಸಲ ಅವ್ಳ ತಾವ್ಕೆ ಓಗ್ಬೇಕು," ಎಂದು ದೊಡ್ಡವ್ವ ಜಗಲಿಯ ಕಂಬಕ್ಕೆ ಒರಗಿ ನನ್ನೊಡನೆ ಅಂದಾಗ ನನಗೆ ಕರುಳು ಚುರ್ ಎಂದಿತು. ಚುರ್ ಎಂದ ಕರುಳಿನಿಂದ ಉಪನ್ಯಾಸವಲ್ಲದೆ ಬೇರೇನೂ ಹೊರಡದಿದ್ದುದು ನನ್ನ ವೃತ್ತಿದೋಷ.

ವಾಹನ ಆರಿಸಲು ಜಗಲಿಯ ಮೇಲೆ ಬಂಧುಗಳ ಸಭೆ ಸೇರಿತು. ಯಳಂದೂರಿನ ನಮ್ಮ ಭಾವ ಎತ್ತಿನ ವಿಷಯದಲ್ಲಿ ಸುತ್ತ ಹತ್ತು ಹಳ್ಳಿಗೆ ಪ್ರಮಾಣಪುರುಷ. ಅವರು ಒಂಟೆತ್ತಿನ ಗಾಡಿಯನ್ನು ಸೂಚಿಸಿ, ಎತ್ತಿನ ಹಲ್ಲು, ಸುಳಿ, ಗೊರಸು, ಬಾಲಗಳನ್ನೆಲ್ಲ ಪರೀಕ್ಷಿಸಿ ಸರ್ವಲಕ್ಷಣಸಂಪನ್ನವಾದ ಒಂದು ಪ್ರಾಣಿಯನ್ನೇ ಹೊಡೆದುಕೊಂಡು ಬಂದರು. ಎತ್ತಿನಲ್ಲಿ ಒಂದು ಐಬೂ ಇರಲಿಲ್ಲ. ಗಾಡಿ ಮಾತ್ರ ಎಷ್ಟು ಎತ್ತರವಿತ್ತೆಂದರೆ, ಅದನ್ನು ಹತ್ತಲು ದೊಡ್ಡವ್ವನಿಗೆ ಇನ್ನೊಂದು ಗಾಡಿ ಬೇಕಾಗಿತ್ತು. ಹನೂರಿನ ಬೀಗರು, ಬೆಟ್ಟಕ್ಕೆ ಮುದುಕರನ್ನು ಹೊತ್ತೊಯ್ಯುವ ಡೋಲಿಯೇ ವಾಸಿ, ನಾಲ್ಕು ಆಳು ನಾವೇ ಕಳಿಸುತ್ತೇವೆ ಎಂದರು. ಅದುವರೆಗೆ ಸುಮ್ಮನಿದ್ದ ದೊಡ್ಡವ್ವ ಬಾಯಿ ಬಿಟ್ಟಳು: "ನಾಕ್ ಜನ ಎಗಲ್ ಮ್ಯಾಲೆ ಒರೋದು ಒಂದೇ ಸಲ ಬೀಗ್ರೇ. ಅದುಕ್ಕಿನ್ನೂ ಟೈಮ್ ಅದೆ."

ಇನ್ನು ನನ್ನ ಸರದಿ. ಪುಷ್ಪಕ ವಿಮಾನದಿಂದ ಹೊರಟು ಜಟಕಾಬಂಡಿಯವರೆಗೆ ವಾಹನತತ್ತ್ವವನ್ನು ಸಾದ್ಯಂತವಾಗಿ ನಿರೂಪಿಸಿದೆ. ಸವಾರನಿಗೂ ವಾಹನಕ್ಕೂ ಔಚಿತ್ಯವಿರಬೇಕೆಂದು ಸಾಧಿಸಲು ದೇವತೆಗಳ ಉದಾಹರಣೆ ಎತ್ತಿಕೊಂಡದ್ದೇ ತಪ್ಪಾಯಿತು. ಗಣಪತಿಯ ಹೊಟ್ಟೆಯನ್ನೂ ಅವನ ಇಲಿಯನ್ನೂ ಒಟ್ಟಿಗೆ ನೆನೆದೊಡನೆ ನನ್ನ ಸಿದ್ಧಾಂತವೇ ಕುಸಿದು, ಅವನ ವಾಹನವನ್ನೂ ಹೀಗೇ ಬಂಧುಗಳೆಲ್ಲ ಸೇರಿ ಆರಿಸಿರಬೇಕೆಂಬ ಸಂಶಯ ಮೂಡಿತು. ಅಷ್ಟರಲ್ಲಿ ಸಭಿಕರು ನಿದ್ದೆಹೋಗಿದ್ದುದರಿಂದ ನನ್ನ ಮಾನ ಉಳಿಯಿತು.

ಕಡೆಗೆ ಮಾದಪ್ಪಣ್ಣ ಮೈಸೂರಿನಿಂದ ಒಂದು ಗಾಲಿಕುರ್ಚಿ ತರಿಸಿದ. ಹೊಳೆಯುವ ಹಿಡಿಕೆ, ಕೆಂಪು ಮೆತ್ತೆ, ಬೆನ್ನಿಗೆ ಒರಗು. ಯಳಂದೂರು ಭಾವ ಅಭ್ಯಾಸಬಲದಿಂದ ಅದನ್ನು ಮೂರು ಸುತ್ತು ಬಂದು, ಬೆನ್ನು ಚಪ್ಪರಿಸಿ, "ಒಳ್ಳೆ ಜಾತೀದು," ಎಂದರು. ಮಕ್ಕಳು ಸರದಿಯ ಮೇಲೆ ತಾಯಿಯನ್ನು ತಳ್ಳಿಕೊಂಡು ಗುಡಿಗೆ ಹೋದರು, ನಾಮಕರಣಕ್ಕೆ ಹೋದರು. ಬಿಡುವಾದಾಗ ಮಾದಪ್ಪಣ್ಣ ಅಂಗಡಿಯ ಮುಂದೆ, ಮೆಣಸಿನಕಾಯಿ ಮೂಟೆಗಳ ಪಕ್ಕದಲ್ಲಿ, ಗಿರಾಕಿಗಳ ಕಣ್ಣಿಗೆ ಬೀಳುವಂತೆ ಅವಳನ್ನು ನಿಲ್ಲಿಸಿದ. ಮಾತೃಭಕ್ತಿಯೂ ವ್ಯಾಪಾರವೂ ಏಕಕಾಲದಲ್ಲಿ ವೃದ್ಧಿಯಾದವು. ನಮ್ಮ ಬೀದಿ ಕವಲಾಗುವಲ್ಲಿ ಬಲಕ್ಕೆ ಗುಡಿ, ಎಡಕ್ಕೆ ಕೆಳಗಿನ ಬೀದಿ. ಅಲ್ಲಿ ಬಂದಾಗಲೆಲ್ಲ ದೊಡ್ಡವ್ವ ಮೆಲ್ಲಗೆ "ಎಡ್ಕೆ ತಿರುಗ್ಸು ಕಣ್ಲಾ" ಎನ್ನುವಳು. ಮಾದಪ್ಪಣ್ಣನ ಕಿವಿ ಸರಿಯಾಗಿ ಅದೇ ಜಾಗದಲ್ಲಿ ಮಂದವಾಗುವುದು. ಕೂತವರ ಮನಸ್ಸು ಒಂದು ಕಡೆಗಿದ್ದು ತಳ್ಳುವವರ ಮನಸ್ಸು ಇನ್ನೊಂದು ಕಡೆಗಿದ್ದರೆ ಗಾಲಿಗಳು ಯಾರ ಮಾತು ಕೇಳುತ್ತವೆಂಬುದು ನನಗೆ ಆಗ ಅರ್ಥವಾಯಿತು.

ಹೀಗಿರುವಾಗ ಮಂಡಿಗೆ ಔಷಧಿ ತರಲೆಂದು ದೊಡ್ಡವ್ವನನ್ನು ಕಾಮಗೆರೆಯ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಮರದ ನೆರಳಿನಲ್ಲಿ ಕಾಲಿಲ್ಲದ ಒಬ್ಬಾತ, ರಾಮಾಪುರದ ಕಡೆಯವನಂತೆ, ಮೂರು ಗಾಲಿಯ ಒಂದು ಸೈಕಲ್ಲಿನಲ್ಲಿ ಕೂತಿದ್ದ. ಎದೆಯ ಮುಂದೆ ಒಂದು ಹಿಡಿ. ಅದನ್ನು ಕೈಯಲ್ಲಿ ತಿರುಗಿಸಿದರೆ ಚೈನು ಎಳೆದು ಗಾಡಿ ಓಡುತ್ತಿತ್ತು. ದೊಡ್ಡವ್ವ ವೈದ್ಯರನ್ನು ಮರೆತು ಅವನನ್ನೇ ವಿಚಾರಿಸಿದಳು.

"ಇದುನ್ನ ಯಾರಪ್ಪಾ ತಳ್ಳೋರು?"

"ಯಾರ್ ತಳ್ತಾರವ್ವಾ? ನಾನೇ ತಿರುವ್ಕಂಡ್ ಓಯ್ತೀನಿ."

"ಎಲ್ಲೀಗೆ?"

"ಮನ್ಸ್ ಬಂದ್ ಕಡೀಕೆ."

ಮನೆಗೆ ಬಂದವಳೇ ಗಾಲಿಕುರ್ಚಿಯ ಮೇಲೆ ಒಣಗಲು ಹಪ್ಪಳ ಹರವಿಸಿ, ತನಗೆ ಅಂಥ ಗಾಡಿಯೇ ಆಗಬೇಕೆಂದು ಪಟ್ಟು ಹಿಡಿದಳು. ಮಾದಪ್ಪಣ್ಣ ಹೌಹಾರಿದ. "ಬೀದೀಲಿ ನೀನು ಕೈಯಲ್ಲಿ ತಿರುವ್ಕಂಡ್ ಓದ್ರೆ, ಮಕ್ಳಿಗೆ ತಳ್ಳಕೂ ಗತಿಯಿಲ್ವಾ ಅಂತ ಜನ ನಗಾಕಿಲ್ವೇನವ್ವಾ?"

"ನಿಮ್ಮುನ್ನೆಲ್ಲಾ ಸಾಕಕೆ ಇದೇ ಕೈಯಲ್ಲಿ ರಾಗಿಕಲ್ಲು ತಿರುವ್ದಾಗ ಯಾರೂ ನಗ್ನಿಲ್ಲ. ಈಗ್ಯಾಕ್ಲಾ ನಗ್ತಾರೆ?"

ಊರಿಗೆ ಹಿಟ್ಟಿನ ಮಿಷನ್ ಬಂದಂದಿನಿಂದ ನಿರುದ್ಯೋಗಿಗಳಾಗಿದ್ದ ಆ ತೋಳುಗಳನ್ನು ನೋಡಿ ಮಾದಪ್ಪಣ್ಣ ಅರೆಮನಸ್ಸಿನಿಂದ ಒಪ್ಪಿದ. ಗುಡಿಗೆ ಮಾತ್ರ ಹೋಗಬೇಕು, ಮಕ್ಕಳು ಆಚೀಚೆ ಇರಬೇಕು ಎಂಬ ಕರಾರಿನ ಮೇಲೆ ಸೈಕಲ್ ಶಾಪಿನವನ ಕೈಯಲ್ಲಿ ಗಾಡಿ ಸಿದ್ಧವಾಯಿತು. ದೊಡ್ಡವ್ವ ಎಲ್ಲ ಕರಾರಿಗೂ ತಲೆಯಾಡಿಸಿದಳು. ಅಷ್ಟು ವಿಧೇಯತೆ ಅವಳ ಜಾಯಮಾನದ್ದಲ್ಲವೆಂದು ನನಗಾದರೂ ಹೊಳೆಯಬೇಕಿತ್ತು.

ತಳ್ಳುವ ಗೌರವ ತಪ್ಪಿದ ಮೇಲೆ ಮೆರೆಸುವ ಗೌರವವನ್ನಾದರೂ ಬಿಡಬಾರದೆಂದು ಮಾದಪ್ಪಣ್ಣ ಮೊದಲ ಸವಾರಿಗೆ ಓಲಗ ಹೇಳಿದ್ದ. ಗಾಡಿಗೆ ವಿಭೂತಿ ಬಳಿದು, ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದರು. ಬೀದಿಗೆ ಬೀದಿಯೇ ನೆರೆಯಿತು. ಗುಡಿಗೆ ಕೊಡಬೇಕಾದ ಹಣ್ಣುಕಾಯಿಯ ತಟ್ಟೆ ಹೊತ್ತು, ಶಲ್ಯ ಹೊದ್ದು, ನಾನು ಮುಂಭಾಗವನ್ನು ಅಲಂಕರಿಸಿದ್ದೆ. ದೊಡ್ಡವ್ವ ಸೆರಗು ಬಿಗಿದು, ರಾಗಿ ಬೀಸುವವಳಂತೆಯೇ ತುಸು ಮುಂದೆ ಬಾಗಿ ತಿರುಗಿಸತೊಡಗಿದಳು. ಕವಲು ಬಂತು. ನಾನೂ ಓಲಗದವರೂ ಬಲಕ್ಕೆ ತಿರುಗಿ ಹತ್ತು ಮಾರು ಹೋದ ಮೇಲೆ, ಹಿಂದೆ ಯಾರೂ ಇಲ್ಲವೆಂಬುದು ತಿಳಿಯಿತು.

"ಅವ್ವಾ, ಗುಡಿ ಈ ಕಡೀಕೆ!" ಎಂದು ಮಾದಪ್ಪಣ್ಣ ಕೂಗಿದ.

"ಗೊತ್ತು ಕಣ್ಲಾ. ಶಿವ ಎಲ್ಲೂ ಓಗಕಿಲ್ಲ, ಅಲ್ಲೇ ಇರ್ತಾನೆ."

ತಡೆಯೋಣವೆಂದರೆ ಊರೆಲ್ಲ ನೋಡುತ್ತಿದೆ. ತಾನೇ ಕರೆಸಿದ ಜನರೆದುರು ಹೆತ್ತವಳ ಕೈಯಿಂದ ಹಿಡಿ ಕಿತ್ತುಕೊಳ್ಳುವುದು ಹೇಗೆ? ಮಾದಪ್ಪಣ್ಣ ಬೆವರುತ್ತ ಹಿಂಬಾಲಿಸಿದ. ನಾನೂ ಓಲಗದವರೂ ಓಡೋಡಿ ಮೆರವಣಿಗೆಯನ್ನು ಕೂಡಿಕೊಂಡೆವು. ನಾವು ಬರುವುದನ್ನು ಬಾಗಿಲಿನಲ್ಲಿ ಕಂಡ ಪುಟ್ಟತಾಯಮ್ಮನ ಸೊಸೆ ತಬ್ಬಿಬ್ಬಾದಳು. ಹಗೆಯವರು ಓಲಗ ಊದಿಸಿಕೊಂಡು, ಹಣ್ಣುಕಾಯಿ ಹಿಡಿದು ಬಾಗಿಲಿಗೆ ಬಂದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಅರ್ಥ ಒಂದೇ: ರಾಜಿಗೆ ಬಂದಿದ್ದಾರೆ. ಅವಳು ಒಳಗೆ ಓಡಿ ಕಾಲಿಗೆ ನೀರು ತಂದಳು. ಅವಳ ಗಂಡ ಜಗಲಿಯ ಮೇಲೆ ಕಂಬಳಿ ಹಾಸಿ, "ಬನ್ನಿ ಮಾದಪ್ಪಣ್ಣಾ, ಅಂತೂ ಮನ್ಸು ಮಾಡುದ್ರಿ," ಎಂದು ಗದ್ಗದನಾಗಿ ಕೈ ಹಿಡಿದ. ತಟ್ಟೆಯನ್ನು ಅವನಿಗೊಪ್ಪಿಸದೆ ನನಗೆ ಬೇರೆ ದಾರಿಯಿರಲಿಲ್ಲ. ಮಾದಪ್ಪಣ್ಣ ಕಾಲು ತೊಳೆದು, ಕಂಬಳಿಯ ಮೇಲೆ ಕೂತು, ಹಗೆಯ ಮನೆಯ ಮಜ್ಜಿಗೆಯನ್ನು ಔಷಧಿಯಂತೆ ನುಂಗಿದ.

ಅಷ್ಟರಲ್ಲಿ ಪುಟ್ಟತಾಯಮ್ಮ ಗೋಡೆ ಹಿಡಿದುಕೊಂಡು ಈಚೆಗೆ ಬಂದಳು. ಕೈ ಚಾಚಿ ಮೊದಲು ಗಾಲಿ ಮುಟ್ಟಿದಳು, ಆಮೇಲೆ ಹಿಡಿ, ಆಮೇಲೆ ದೊಡ್ಡವ್ವನ ಕೆನ್ನೆ.

"ಯಾರೇ ನಿನ್ನ ಕರ್ಕಂಡ್ ಬಂದೋರು?"

"ಯಾರೂ ಇಲ್ಲ ಕಣೇ. ನಾನೇ ಬಂದೆ."

ಇಬ್ಬರೂ ಅತ್ತರು. ಬರುವ ಕಣ್ಣೀರನ್ನು ಶಲ್ಯದಲ್ಲಿ ಒರೆಸಿಕೊಳ್ಳುತ್ತ ನಾನು ಬೀದಿಯ ಕಡೆ ತಿರುಗಿ ನಿಂತೆ. ಹೊರಡುವ ಹೊತ್ತಿಗೆ ಮಾದಪ್ಪಣ್ಣ ತಾಯಿಯ ಬಳಿಗೆ ಹೋಗಿ, ಸಣ್ಣ ದನಿಯಲ್ಲಿ, "ಸಂದೆಗ್ ಬಂದು ಕರ್ಕಂಡ್ ಓಯ್ತೀನಿ ಕಣವ್ವಾ," ಎಂದ.

ದೊಡ್ಡವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. "ಬ್ಯಾಡ ಕಣ್ಲಾ. ನಾನು ಬರೋದು ಒತ್ತಾಯ್ತದೆ. ನೀವು ಉಂಡ್ಕಂಡು ಮನಿಕಳಿ."