ಸೋರಲೇಬೇಕು

ನಮ್ಮ ಭಾವನಿಗೆ ಕೋಪ ಬರುತ್ತದೆ ಎನ್ನುವುದು ತಪ್ಪು. ಬರಬೇಕಾದರೆ ಮೊದಲು ಅದು ಎಲ್ಲಿಗಾದರೂ ಹೋಗಿರಬೇಕು. ಅದು ಸದಾ ಅಲ್ಲೇ ಇರುತ್ತದೆ, ಮೂಗಿನ ತುದಿಯಲ್ಲಿ, ಕನ್ನಡಕಕ್ಕಿಂತ ಒಂದು ಬೆರಳು ಮುಂದೆ.

ಅಕ್ಕನನ್ನು ಮದುವೆಯಾಗುವ ಮೊದಲು ಅವರು ನಮ್ಮ ಮನೆಗೆ ಬಂದ ದಿನ ಹಾಲಿನ ಫ್ಯಾನು ಕಿರುಗುಟ್ಟುತ್ತಿತ್ತು. ಮಾತಿನ ಮಧ್ಯೆ ಎದ್ದು, ಕುರ್ಚಿ ಹತ್ತಿ, ಫ್ಯಾನನ್ನು ಬಿಚ್ಚಿ ಕೆಳಗಿಟ್ಟು, ಇದಕ್ಕೆ ಎಣ್ಣೆ ಹಾಕಿ ಎಷ್ಟು ವರ್ಷವಾಯಿತು ಎಂದು ಅಪ್ಪನನ್ನೇ ಗದರಿಸಿದರು. ಹುಡುಗ ಕೆಲಸಗಾರ ಎಂದರು ಅಪ್ಪ. ಹುಡುಗನಿಗೆ ತಾಳ್ಮೆ ಇಲ್ಲ ಎಂದಳು ಅಮ್ಮ. ಇಬ್ಬರ ಮಾತೂ ನಿಜವಾಯಿತು. ಅಕ್ಕ ಮಾತ್ರ ಏನೂ ಹೇಳಲಿಲ್ಲ. ಈಗ ಆ ಬಾಕಿಯನ್ನೆಲ್ಲ ತೀರಿಸುತ್ತಿದ್ದಾಳೆ.

ಭಾವ ವಾಯುಪಡೆಯ ವರ್ಕ್‌ಶಾಪಿನಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದವರು. ಪಿಸ್ಟನ್ ಎಂಜಿನ್, ಮುಂದೆ ಪ್ರೊಪೆಲರ್ ತಿರುಗುವ ಹಳೆಯ ಕಾಲದ್ದು. ಜೆಟ್ ಬಂದಾಗ ಅವರನ್ನೂ ಜೆಟ್ಟಿಗೆ ಹಾಕಿದರು. ಒಲೆಗೆ ಫ್ಯಾನು ಕಟ್ಟಿದರೆ ಜೆಟ್ ಆಯಿತು, ಅದರಲ್ಲಿ ಮೆಕ್ಯಾನಿಕ್ಕಿಗೆ ಏನು ಕೆಲಸ ಎಂದು ಗೊಣಗುತ್ತಲೇ ನಿವೃತ್ತರಾದರು. ಎಡಗೈಯ ಕಿರುಬೆರಳಿನ ತುದಿ ಇಲ್ಲ. ಬಲಗಿವಿ ಅರ್ಧ ಕೇಳುತ್ತದೆ, ಅದೂ ತಮಗೆ ಬೇಡದ್ದು ಮಾತ್ರ.

ನಿವೃತ್ತಿಯ ಮೇಲೆ ಅಕ್ಕನ ಮನೆಯ ಸಾಮಾನೆಲ್ಲ ಒಮ್ಮೆ ಬಿಚ್ಚಿ ಜೋಡಿಸಿದ್ದಾಯಿತು. ಮಿಕ್ಸಿಯನ್ನು ಎರಡನೆಯ ಸಲ ಬಿಚ್ಚುವಾಗ ಅಕ್ಕ, ಒಂದೋ ಇವರಿಗೊಂದು ವಿಮಾನ ಕೊಡಿಸು, ಇಲ್ಲ ನನ್ನನ್ನು ನಿಮ್ಮ ಮನೆಗೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದಳು. ಅದೃಷ್ಟಕ್ಕೆ ವಿಮಾನವೇ ಸಿಕ್ಕಿತು. ಹಳೆಯ ಏರ್‌ಫೀಲ್ಡಿನ ಪಕ್ಕದಲ್ಲಿ ಒಂದು ಮ್ಯೂಸಿಯಂ ಇದೆ. ಅದರ ಹಿಂದಿನ ಹುಲ್ಲಿನಲ್ಲಿ, ಯುದ್ಧಕಾಲದಲ್ಲಿ ಪೈಲಟ್‌ಗಳಿಗೆ ಹಾರಾಟ ಕಲಿಸುತ್ತಿದ್ದ ವಿಮಾನವೊಂದು ರೆಕ್ಕೆ ಕಳಚಿಕೊಂಡು ಬಿದ್ದಿತ್ತು. ಸಿಲಿಂಡರಿನೊಳಗೆ ಕಣಜ ಗೂಡು ಕಟ್ಟಿತ್ತು. ಅದನ್ನು ಮೊದಲ ಸಲ ಕಂಡಾಗ ಭಾವ ಅದರ ಮೈ ತಟ್ಟಿ, ಹೀಗೆ ಬಿಸಾಕಿದವರ ವಂಶವನ್ನೆಲ್ಲ ಬೈದರು. ಅವರ ಸಂತೋಷ ಇರುವುದೇ ಹಾಗೆ.

ಭಾವ ವಿಮಾನವನ್ನು ಅಲ್ಲಿಯ ಶೆಡ್ಡಿಗೆ ತಳ್ಳಿಸಿ ರಿಪೇರಿಗೆ ಕೂತರು. ಭಾನುವಾರಗಳಲ್ಲಿ ನಾನೂ ಹೋಗುತ್ತಿದ್ದೆ. ಲೇಖಕನಾದ ನನ್ನ ಕೈಗೆ ಸ್ಪ್ಯಾನರ್ ಕೊಡುವಷ್ಟು ಬುದ್ಧಿಗೇಡಿ ಅವರಲ್ಲ. ನನಗೆ ಟಾರ್ಚ್ ಹಿಡಿಯುವ ಕೆಲಸ. ಬೆಳಕು ನಟ್ಟಿನ ಮೇಲೆ ಬಿಡು, ನನ್ನ ಮುಖ ನಿಮ್ಮಕ್ಕ ದಿನಾ ನೋಡ್ತಾಳೆ ಎಂದು ಬೈಸಿಕೊಳ್ಳುತ್ತ ನಾನು ಕಲಿತದ್ದು ಇಷ್ಟು: ಒಂಬತ್ತು ಸಿಲಿಂಡರುಗಳು ಹೂವಿನ ಎಸಳಿನಂತೆ ಸುತ್ತ ನಿಂತಿರುವ ಈ ಜಾತಿಯ ಎಂಜಿನ್ನು ಸೋರುತ್ತದೆ. ಎಷ್ಟೇ ಬಿಗಿ ಮಾಡಿದರೂ ಒಂದೊಂದು ತೊಟ್ಟು ಎಣ್ಣೆ ಕೆಳಗೆ ಬೀಳುತ್ತಲೇ ಇರುತ್ತದೆ. ಇದು ಸೋರಲೇಬೇಕು, ಸೋರ್ತಿದೆ ಅಂದ್ರೆ ಒಳಗೆ ಇದೆ ಅಂತ, ಎನ್ನುತ್ತಿದ್ದರು ಭಾವ. ಎಣ್ಣೆ ಇಲ್ಲದೆ ಸ್ಟಾರ್ಟ್ ಮಾಡಿದರೆ ಉಸಿರು ಎಳೆದು ಬಿಡುವಷ್ಟರಲ್ಲಿ ಒಳಗಿನ ಬೇರಿಂಗುಗಳು ಸುಟ್ಟು ಅಂಟಿಕೊಳ್ಳುತ್ತವೆ. ಆ ಬೇರಿಂಗ್ ಈಗ ಎಲ್ಲೂ ಸಿಗುವುದಿಲ್ಲ. ಅಲ್ಲಿಗೆ ಎಂಜಿನ್ನಿನ ಕಥೆ ಮುಗಿಯಿತು.

ವರ್ಷಗಟ್ಟಲೆ ಹೆಣಗಿದ ಮೇಲೆ ಅದು ಒಂದು ದಿನ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಓಡಿತು. ಅಂದು ಒಳಗೆ ಕೂತು ಸ್ಟಾರ್ಟ್ ಮಾಡಿದವರು ಕ್ಯಾಪ್ಟನ್. ಚಿಕ್ಕ ವಯಸ್ಸಿನಲ್ಲಿ ಅದೇ ಜಾತಿಯ ವಿಮಾನ ಹಾರಿಸಿದ್ದ ಮುದುಕ. ಭಾವ ಅವರನ್ನು ಡ್ರೈವರ್ ಎಂದೇ ಕರೆಯುವುದು. ಅವರು ಭಾವನನ್ನು ಪಂಕ್ಚರ್ ಅಂಗಡಿ ಎನ್ನುತ್ತಾರೆ. ಇಬ್ಬರ ಸ್ನೇಹ ಅಷ್ಟು ಗಟ್ಟಿ.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಮ್ಯೂಸಿಯಮ್ಮಿಗೆ ಹೊಸ ಮ್ಯಾನೇಜರ್ ಬಂದರು.

ಹೋಟೆಲ್ ನಡೆಸಿ ಬಂದವರು. ಮನುಷ್ಯ ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರನ್ನು ಬೈದು ಮರೆಯಬಹುದು. ನಗುನಗುತ್ತ ಹಾಳು ಮಾಡುವವರನ್ನು ಏನು ಮಾಡುವುದು? ಬಂದವರೇ ಶೆಡ್ಡಿಗೆಲ್ಲ ಬಿಳಿ ಟೈಲ್ಸ್ ಹಾಕಿಸಿದರು. ವಿಮಾನದ ಶೆಡ್ಡಿಗೆ! ಟೈಲ್ಸಿನ ಮೇಲೆ ಮೊದಲ ತೊಟ್ಟು ಬಿದ್ದ ದಿನ ಓಡಿ ಬಂದು, ಲೀಕು ಯಾವಾಗ ರಿಪೇರಿ ಮಾಡುತ್ತೀರಿ ಎಂದರು. ಭಾವ ವಿವರಿಸಿದರು. ಅವರು ವಿವರಿಸುವುದು ಪಕ್ಕದ ಬೀದಿಗೂ ಅರ್ಥವಾಗುವಂತಿರುತ್ತದೆ. ತೊಟ್ಟು ಬೀಳುವ ಕಡೆ ಭಾವ ಒಂದು ತಟ್ಟೆ ಇಟ್ಟರೆ, ನೋಡಲು ಬಂದವರಿಗೆ ಅಸಹ್ಯವಾಗುತ್ತದೆ ಎಂದು ಮ್ಯಾನೇಜರ್ ಅದನ್ನು ತೆಗೆಸಿದರು. ಮೂರನೆಯ ಸಲ ಜನರೆದುರಿಗೇ, "ಇಷ್ಟು ವರ್ಷ ರಿಪೇರಿ ಮಾಡಿದ್ರೂ ಸೋರೋದು ನಿಲ್ಲಿಸೋಕೆ ಆಗ್ಲಿಲ್ವಾ ಸಾರ್?" ಎಂದು ಕೇಳಿದರು. ನಗುತ್ತಲೇ.

ಭಾವ ಏನೂ ಅನ್ನಲಿಲ್ಲ. ನನಗೆ ಆಗಲೇ ಭಯವಾಗಬೇಕಿತ್ತು. ಸಂಜೆ ಒಬ್ಬರೇ ಕೂತು ಎಣ್ಣೆಯ ಟ್ಯಾಂಕಿನ ಬಿರಡೆ ಬಿಚ್ಚಿ, ಇದ್ದಬದ್ದ ಎಣ್ಣೆಯನ್ನೆಲ್ಲ ಡಬ್ಬಕ್ಕೆ ಬಸಿದರು. ಸೋರಬಾರದು ತಾನೆ? ತಗೊಳ್ಳಿ, ಸೋರುವುದಿಲ್ಲ. ಆದರೆ ಎಷ್ಟು ಕೋಪವಿದ್ದರೂ ಕಸುಬಿನ ನಿಯಮ ಬಿಡಲಿಲ್ಲ. ಎಣ್ಣೆ ಬಸಿದ ಎಂಜಿನ್ನಿನ ಪ್ರೊಪೆಲರಿಗೆ ಕೆಂಪು ಬಟ್ಟೆ ಕಟ್ಟಬೇಕು. ಅದನ್ನು ಕಂಡವರು ಸ್ಟಾರ್ಟ್ ಮಾಡಲು ಹೋಗುವುದಿಲ್ಲ. ಅದು ಅವರ ಜಗತ್ತಿನ ಕೆಂಪು ದೀಪ. ಕೈಗೆ ಬೇರೆ ಕೆಂಪು ಸಿಗದೆ, ಚಳಿಗೆಂದು ಹೊದ್ದು ಹೋಗಿದ್ದ ಅಕ್ಕನ ಶಾಲನ್ನೇ ಕಟ್ಟಿದರು. ಮನೆಗೆ ಬಂದು, ಇನ್ನು ಆ ಹೋಟೆಲಿಗೆ ನಾನು ಕಾಲಿಡುವುದಿಲ್ಲ ಎಂದು ಘೋಷಿಸಿದರು.

ಒಂದು ವಾರಕ್ಕೆ ಮ್ಯಾನೇಜರಿಂದ ಮೆಸೇಜ್ ಬಂತು: ಲೀಕು ಪೂರ್ತಿ ನಿಂತಿದೆ, ತುಂಬಾ ಧನ್ಯವಾದಗಳು. ಕೊನೆಯಲ್ಲಿ ಎರಡು ಮುಗಿದ ಕೈ. ಅಂದು ಮಿಕ್ಸಿ ಮೂರನೆಯ ಸಲ ಬಿಚ್ಚಿಕೊಂಡಿತು.

ಮತ್ತೊಂದು ಭಾನುವಾರ ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ನನ್ನ ಫೋನಿಗೆ ಮ್ಯೂಸಿಯಮ್ಮಿನವರ ಫೋಟೋ ಬಂತು, ಕೆಳಗಿದ್ದದ್ದನ್ನು ಓದಿ ಹೇಳಿದೆ: ಇಂದು ನವೀಕೃತ ಶೆಡ್ಡಿನ ಉದ್ಘಾಟನೆ, ಗಣ್ಯರ ಸಮ್ಮುಖದಲ್ಲಿ ವಿಮಾನದ ಎಂಜಿನ್ ಚಾಲನೆ. ಭಾವ ತಿರುಗಿಯೂ ನೋಡಲಿಲ್ಲ. ಕೆಂಪು ಕಟ್ಟಿದ್ದೀನಿ, ಅದನ್ನ ಯಾವ ಕತ್ತೆಯೂ ಮುಟ್ಟಲ್ಲ, ಎಂದರು. ಅಕ್ಕ ಫೋನನ್ನು ಕಣ್ಣಿಗೆ ಹಿಡಿದು ಫೋಟೋ ದೊಡ್ಡದು ಮಾಡಿದಳು.

"ರೀ, ಇಲ್ಲಿ ನನ್ನ ಶಾಲು ಎಲ್ಲಿ?"

ಪ್ರೊಪೆಲರಿನ ಮೇಲೆ ಕೆಂಪು ಇತ್ತು. ಆದರೆ ಅದು ಶಾಲಲ್ಲ. ಅಗಲವಾದ ರೇಷ್ಮೆ ರಿಬ್ಬನ್, ನಡುವೆ ಹೂವಿನಂಥ ಗಂಟು. ಗಣ್ಯರು ಕತ್ತರಿಸಲಿಕ್ಕೆ.

ಭಾವನ ಮುಖದ ಬಣ್ಣ ಇಳಿದದ್ದನ್ನು ಅಂದೇ ಮೊದಲ ಸಲ ನೋಡಿದೆ. ಬಾಯಿಂದ ಬೈಗುಳವೇ ಹೊರಡಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕ್ಯಾಪ್ಟನ್ನಿಗೆ ಮಾಡಿ ಪ್ರಯೋಜನವಿಲ್ಲ, ಅವರಿಗೆ ಫೋನಿನಲ್ಲಿ ಕೇಳುವುದಿಲ್ಲ. ಮನೆ ಚಪ್ಪಲಿಯಲ್ಲೇ ನನ್ನ ಸ್ಕೂಟರಿನ ಹಿಂದೆ ಹತ್ತಿದರು. ಏರ್‌ಫೀಲ್ಡ್ ತಲುಪುವವರೆಗೂ ನನ್ನ ಕಿವಿಯ ಪಕ್ಕ ಒಂದೇ ಮಾತು, ಡ್ರೈವರ್ ಮುಟ್ಟಬೇಡ, ಡ್ರೈವರ್ ಮುಟ್ಟಬೇಡ. ಮುಂದೆ ಹೋಗುತ್ತಿದ್ದ ಲಾರಿಯವನು ತನಗೇ ಹೇಳಿದ್ದೆಂದು ದಾರಿ ಬಿಟ್ಟ.

ಗೇಟಿನಲ್ಲಿ ಕಿವಿಗೊಟ್ಟೆವು. ಎಂಜಿನ್ನಿನ ಸದ್ದಿಲ್ಲ. ಇನ್ನೂ ಸ್ಟಾರ್ಟ್ ಆಗಿಲ್ಲವೋ, ಆಗಿ ಸತ್ತಿತೋ ತಿಳಿಯುವಂತಿರಲಿಲ್ಲ. ಭಾವ ಓಡಿದರು. ನಾನು ಆ ವಯಸ್ಸಿನವರು ಓಡಬಾರದು ಎಂದು ಕೂಗುತ್ತ, ಅವರಿಗಿಂತ ಹಿಂದೆ ಬಿದ್ದೆ.

ವಿಮಾನವನ್ನು ಶೆಡ್ಡಿನಿಂದ ಹೊರಗೆ ತಳ್ಳಿ ನಿಲ್ಲಿಸಿದ್ದರು. ರಿಬ್ಬನ್ ಕತ್ತರಿಸಿದ್ದಾಗಿತ್ತು. ಗಣ್ಯರು ಕೊಡೆಯ ನೆರಳಿನಲ್ಲಿ ಕೈಗಡಿಯಾರ ನೋಡುತ್ತಿದ್ದರು. ಕ್ಯಾಪ್ಟನ್ ವಿಮಾನದೊಳಗೆ ಕೈ ಕಟ್ಟಿಕೊಂಡು ಕೂತಿದ್ದರು. ಕೆಳಗೆ ನಿಂತ ಮ್ಯಾನೇಜರ್, ಒಂದೇ ನಿಮಿಷ ಸಾರ್, ಫೋಟೋಗಾದರೂ, ಎಂದು ಅಂಗಲಾಚುತ್ತಿದ್ದರು.

ಕ್ಯಾಪ್ಟನ್ ಶೆಡ್ಡಿನ ಒಳಗೆ ಬೆರಳು ತೋರಿಸಿದರು. ವಿಮಾನ ನಿಂತಿದ್ದ ಜಾಗದ ಟೈಲ್ಸು ಹಾಲು ಚೆಲ್ಲಿದಂತೆ ಬೆಳ್ಳಗಿತ್ತು. "ಒಂದು ತೊಟ್ಟೂ ಇಲ್ಲ ಅಲ್ಲಿ. ಇದರ ಹೊಟ್ಟೆ ಖಾಲಿ. ನಾನು ಮುಟ್ಟಲ್ಲ."

ಅದು ಕೇಳಿಸಿದ್ದೇ ತಡ, ಭಾವನಿಗೆ ದನಿ ವಾಪಸ್ಸು ಬಂತು. ಕಟ್ಟಿದ ಕೆಂಪು ಬಿಚ್ಚುವುದೆಂದರೆ ಏನು, ಹೋಟೆಲಿನಲ್ಲಿ ಮೇಜು ಒರೆಸಿದ ಹಾಗೆಯೇ, ಟೈಲ್ಸ್ ಮೇಲೆ ಅಷ್ಟು ಪ್ರೀತಿ ಇದ್ದರೆ ಬಾತ್‌ರೂಮ್ ಮ್ಯೂಸಿಯಂ ತೆರೆಯಬೇಕಿತ್ತು ಎಂದು ಗಣ್ಯರ ಮುಂದೆಯೇ ಹರಿಹಾಯ್ದರು. ಶಾಲು ಹರಕಲಾಗಿ ಕಂಡದ್ದಕ್ಕೆ ಚೆಂದದ ರಿಬ್ಬನ್ ಹಾಕಿಸಿದೆ, ಕೆಂಪು ಬಣ್ಣವನ್ನೇ ಇಟ್ಟಿದ್ದೇನಲ್ಲ ಎಂದರು ಮ್ಯಾನೇಜರ್. ಪಾಪ, ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೂ ಕಪಾಳಕ್ಕೆ ಬಾರಿಸೋಣ ಎನಿಸಿತು.

ಭಾವನ ಬೈಗುಳ ಉಸಿರಿಗೆಂದು ನಿಂತಾಗ ಕ್ಯಾಪ್ಟನ್ ಮೇಲಿನಿಂದ ಕೇಳಿದರು:

"ಎಣ್ಣೆ ಬಸಿದಿದ್ದು ಯಾರು?"

ಭಾವ ಮ್ಯಾನೇಜರನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ತಮ್ಮ ಚಪ್ಪಲಿ ನೋಡಿಕೊಂಡರು. "ನಾನೇ. ಕೋಪ ಬಂದಿತ್ತು."

"ಕೋಪ ಮಾಡ್ಕೊಳ್ಳಯ್ಯಾ, ಬೇಡ ಅಂದೋರ್ಯಾರು? ಎಣ್ಣೆ ತುಂಬಿಟ್ಟು ಮಾಡ್ಕೋ. ಇದು ನಿಂಗೇನು ಮಾಡಿತ್ತು?"

ಅಷ್ಟು ವರ್ಷ ಮಗುವಿನಂತೆ ನೋಡಿದ ಎಂಜಿನ್ನನ್ನು, ಯಾರ ಮೇಲಿನದೋ ಸಿಟ್ಟಿಗೆ ಉಪವಾಸ ಕೆಡವಿ ಹೋದವರು ತಾವು ಎನ್ನುವುದು ಅವರಿಗೆ ತಾಗಿತ್ತು. ಮ್ಯಾನೇಜರಿನ ಮೇಲಿದ್ದ ಕೋಪವೆಲ್ಲ ತಿರುಗಿ ತಮ್ಮ ಮೇಲೇ ಬಿದ್ದಾಗ ಅದನ್ನು ಇಡಲು ಜಾಗ ಸಾಲದೆ, ಶೆಡ್ಡಿನ ಮೂಲೆಯಲ್ಲಿದ್ದ ಎಣ್ಣೆಯ ಡಬ್ಬವನ್ನು ಎತ್ತಿಕೊಂಡು ಬಂದರು.

ಗಣ್ಯರು ಹೊರಟುಹೋದರು. ಭಾವ ಎಣ್ಣೆಯನ್ನು ಸೋಸಿ ತುಂಬಿದರು. ಪ್ರೊಪೆಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರು. ಎಣ್ಣೆ ಎಲ್ಲ ಕಡೆ ಹೋಗುವವರೆಗೆ ತಿರುಗಿಸುತ್ತಲೇ ಇದ್ದರು, ನಾನು ಕೈ ಹಾಕಲು ಹೋದರೆ ಟಾರ್ಚ್ ಹಿಡಿ ಎಂದರು. ಹಗಲು ಹನ್ನೆರಡು ಗಂಟೆಯ ಬಿಸಿಲು. ನಾನು ಟಾರ್ಚ್ ಹಿಡಿದೆ. ಕ್ಯಾಪ್ಟನ್ ಸ್ಟಾರ್ಟ್ ಮಾಡಿದರು. ಕೆಮ್ಮಿ, ಹೊಗೆ ಉಗುಳಿ, ಓಡಿತು. ಡ್ರೈವರ್ ಅಷ್ಟು ಬೇಗ ಏರಿಸಬೇಡ ಎಂದು ಭಾವ ಕಿರುಚುತ್ತಿದ್ದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ವಿಮಾನವನ್ನು ಮತ್ತೆ ಒಳಗೆ ತಳ್ಳಿದಾಗ ಮ್ಯಾನೇಜರ್ ತಾವೇ ತಟ್ಟೆ ತಂದು ಎಂಜಿನ್ನಿನ ಕೆಳಗೆ ಇಟ್ಟರು. ಭಾವ ಅದನ್ನು ಕಾಲಿನಿಂದ ಎರಡು ಬೆರಳು ಪಕ್ಕಕ್ಕೆ ಸರಿಸಿದರು. ಅಷ್ಟನ್ನೂ ಸರಿಯಾಗಿ ಇಡಲು ಬರುವುದಿಲ್ಲ ಎಂಬಂತೆ.

ಅಕ್ಕನ ಶಾಲು ನೆಲ ಒರೆಸುವ ಬಕೆಟ್ಟಿನಲ್ಲಿ ಸಿಕ್ಕಿತು. ಅಕ್ಕ ಮೂರು ದಿನ ಮಾತು ಬಿಟ್ಟಳು. ಭಾವನ ಜೊತೆ ಮಾತ್ರವಲ್ಲ, ಸ್ಕೂಟರ್ ಓಡಿಸಿದವನ ಜೊತೆಯೂ. ಆಮೇಲೆ ಅದನ್ನು ಒಗೆದು, ಬಿಳಿ ದಾರದಿಂದ ದಪ್ಪ ಅಕ್ಷರಗಳನ್ನು ಹೊಲಿದು, ಭಾವನ ಮುಂದೆ ಎಸೆದಳು. ಈಗ ಶೆಡ್ಡಿನ ಗೋಡೆಯ ಮೊಳೆಯಲ್ಲಿ ಅದೇ ನೇತಾಡುತ್ತಿದೆ, ಬೇಕಾದಾಗ ಕಟ್ಟಲಿಕ್ಕೆ. ಅದರ ಮೇಲೆ ಇರುವುದು ಇಷ್ಟು: ಇದು ರಿಬ್ಬನ್ ಅಲ್ಲ.