ನೆಲಕ್ಕಿಟ್ಟ ಎಣ್ಣೆ

ಮಾಗಿಯ ಚಳಿಗೆ ಬಾಟಲಿಯೊಳಗಿನ ಎಣ್ಣೆ ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಅದನ್ನು ಅಡುಗೆಮನೆಯ ಕಿಟಕಿಯ ಬಿಸಿಲಿಗಿಟ್ಟು ಮರೆತುಬಿಟ್ಟಿದ್ದೆ. ಸಾರಿಗೆ ಒಗ್ಗರಣೆ ಹಾಕಲು ನಿಂತಾಗ ಕಿಟಕಿಯ ಕಡೆಯಿಂದ ಅದರ ವಾಸನೆ ಬಂತು. ಕೊಬ್ಬರಿ ಎಣ್ಣೆ, ಕರಿಬೇವು, ತುಸು ಸೀದ ಮೆಂತ್ಯ... ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಬಾಟಲಿಯಲ್ಲಿ ಇನ್ನು ಎರಡು ಬೆರಳಿನಷ್ಟು ಎಣ್ಣೆ ಉಳಿದಿದೆ. ಅದನ್ನು ಕಾಸಿದವರು ಈಗಿಲ್ಲ.

ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನನ್ನ ಅಪ್ಪ ಜೀಪು ಓಡಿಸುತ್ತಿದ್ದರು. ಆಳುಗಳ ಹಾಜರಿ, ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ನಮ್ಮ ಪಕ್ಕದ ಮನೆಯಲ್ಲಿದ್ದರು. ಇವರು ಆ ರೈಟರ ಹೆಂಡತಿ. ಮಕ್ಕಳಿರಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಮೊಣಕಾಲೆತ್ತರದ ಒಂದು ಕಲ್ಲುಕಟ್ಟೆ, ಅಷ್ಟೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡರು. ಅಪ್ಪನಿಗೆ ಕೆಟ್ಟು ನಿಂತ ಜೀಪನ್ನು ಕತ್ತಲಲ್ಲೂ ಬಿಚ್ಚಿ ಜೋಡಿಸುವುದು ಗೊತ್ತಿತ್ತು, ಜಡೆ ಹಾಕುವುದು ಗೊತ್ತಿರಲಿಲ್ಲ. ನನ್ನ ಕೂದಲು ಎಣ್ಣೆ ಕಾಣದೆ ಒಣಗಿ, ಸಿಕ್ಕುಗಟ್ಟಿ, ಬಾಚಣಿಗೆಯ ಹಲ್ಲು ಮುರಿಯುವ ಹಾಗಾಯಿತು. ನೋಡಲು ಬಂದ ಸೋದರತ್ತೆ ಕತ್ತರಿಯನ್ನೇ ಹಿಡಿದು ಅಂಗಳಕ್ಕೆ ಬಂದರು. "ಬುಡಕ್ಕೇ ಕತ್ರಿಸಿಬಿಡಾಣ ಕಣಣ್ಣ. ಯಾರು ನೋಡ್ಕೊಳ್ತಾರೆ ಇದನ್ನ?" ಎಂದರು. ಅಮ್ಮನ ಕೈ ಆಡಿದ ಕೂದಲು ಅದು. ನಾನು ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಎಸ್ಟೇಟಿಗೆಲ್ಲ ಕೇಳುವಂತೆ ಕಿರುಚಿದೆ.

ದೊಡ್ಡಮ್ಮ ಕಟ್ಟೆ ದಾಟಿ ಬಂದರು. "ತಾಯಿ ಹೋದ್ಲು ಅಂತ ಕೂದ್ಲೂ ಹೋಗ್ಬೇಕೇನ್ರೀ? ಕತ್ರಿ ಒಳಗಿಡಿ. ನಾನು ನೋಡ್ಕೊಳ್ತೀನಿ" ಎಂದರು. ಆಮೇಲೆ ನನ್ನ ತಲೆ ಮುಟ್ಟಿ ನೋಡಿ, "ಎಂತ ಮಾರಾಯ್ತಿ ಇದು, ಕೂದ್ಲೋ ತೆಂಗಿನ ಕತ್ತವೋ? ಹಗ್ಗ ಹೊಸೀಬಹುದಲ್ಲೇ!" ಎಂದು ನಕ್ಕರು. ಅಮ್ಮ ಹೋದ ಮೇಲೆ ನನ್ನೆದುರು ಯಾರಾದರೂ ನಕ್ಕದ್ದು ಅದೇ ಮೊದಲು. ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು.

ಅಲ್ಲಿಂದ ಪ್ರತಿ ಭಾನುವಾರ ನಾನು ಅವರ ಬಚ್ಚಲೊಲೆಯ ಮುಂದೆ ಕೂರುತ್ತಿದ್ದೆ. ದಾಸವಾಳದ ಎಲೆ, ಕರಿಬೇವು, ಗರುಗದ ಸೊಪ್ಪು, ನೆನೆಸಿದ ಮೆಂತ್ಯ ಎಲ್ಲವನ್ನೂ ಒರಳಲ್ಲಿ ಅರೆದು, ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಸುತ್ತಿದ್ದರು. ಇಳಿಸುವ ಮೊದಲು ಹತ್ತಿಯ ಬತ್ತಿಯೊಂದನ್ನು ಅದರಲ್ಲಿ ಅದ್ದಿ ಹಚ್ಚಿ ನೋಡುತ್ತಿದ್ದರು. ಬತ್ತಿ ಚಟಪಟ ಎಂದರೆ ಎಣ್ಣೆಯಲ್ಲಿ ಇನ್ನೂ ಸೊಪ್ಪಿನ ನೀರಿದೆ, ಇಟ್ಟರೆ ಕಮಟುತ್ತದೆ. ಸದ್ದಿಲ್ಲದೆ ಉರಿದರೆ ಹದ ಬಂದಿದೆ ಎಂದರ್ಥ. ಉಗುರುಬೆಚ್ಚಗಿನ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿಕೊಂಡು ಮೊದಲು ಕೂದಲ ತುದಿಗೆ ಹಚ್ಚುತ್ತಿದ್ದರು, ಬುಡಕ್ಕೆ ಆಮೇಲೆ. "ಬುಡ ಹೆಂಗೋ ಬದುಕ್ತದೆ. ಒಣಗೋದು ತುದಿ ಕಣೆ" ಎನ್ನುತ್ತಿದ್ದರು. ಬಾಚಣಿಗೆ ಮುಟ್ಟದೆ ಬೆರಳಲ್ಲೇ ಒಂದೊಂದೇ ಸಿಕ್ಕು ಬಿಡಿಸುವಾಗ ನನಗೆ ಕಣ್ಣು ಎಳೆಯುತ್ತಿತ್ತು... ತಲೆ ಅವರ ಮೊಣಕಾಲಿಗೆ ಒರಗುತ್ತಿತ್ತು.

ಮಿಕ್ಕ ಎಣ್ಣೆಯನ್ನು ಸಣ್ಣ ಬಾಟಲಿಗೆ ಬಗ್ಗಿಸಿ ನನಗೆ ಕೊಡುತ್ತಿದ್ದರು. ಕೊಡುತ್ತಿದ್ದರು ಎನ್ನುವುದೂ ತಪ್ಪೇ. ಕಟ್ಟೆಯ ಮೇಲೆ ಇಡುತ್ತಿದ್ದರು, ನಾನು ಎತ್ತಿಕೊಳ್ಳಬೇಕಿತ್ತು. ಎಣ್ಣೆಯನ್ನು ಕೈಯಿಂದ ಕೈಗೆ ಕೊಟ್ಟರೆ ಸಂಬಂಧ ಹರಿಯುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಬೇಕೆಂದೇ ಕೈ ಚಾಚಿ ಗೋಳು ಹೊಯ್ದುಕೊಂಡರೆ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದರು. "ಆಟ ಅಲ್ಲ ಮಾರಾಯ್ತಿ. ನಂಗಿರೋದು ನೀನೊಬ್ಳು" ಎನ್ನುವಾಗ ಅವರ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಮದುವೆಯಾಗಿ ನಾನು ಕಡೂರಿಗೆ ಬಂದೆ. ಜಿಲ್ಲೆ ಅದೇ ಆದರೂ ನೀರು ಬೇರೆ. ಇಲ್ಲಿನ ಬೋರ್‌ವೆಲ್ ನೀರಿಗೆ ಪಾತ್ರೆಯಲ್ಲೇ ಬಿಳಿ ಪೊರೆ ಕಟ್ಟುತ್ತದೆ, ಇನ್ನು ತಲೆಯ ಪಾಡೇನು! ಯಾವ್ಯಾವುದೋ ಶಾಂಪೂ ಹಾಕಿದೆ, ಕಂಡೀಷನರ್ ಹಾಕಿದೆ. ಕೂದಲು ಮತ್ತೆ ಕತ್ತವೇ ಆಯಿತು. ಆಷಾಢಕ್ಕೆ ತವರಿಗೆ ಹೋದಾಗ ದೊಡ್ಡಮ್ಮ ನನ್ನ ಜಡೆಯ ತುದಿ ಹಿಡಿದು ನೋಡಿದರು. ಬೈಯಲಿಲ್ಲ, ಸೊಪ್ಪು ಕೊಯ್ಯಲು ಹೋದರು.

ವಾಪಸು ಹೊರಟ ದಿನ ಗೋಣಿಬೀಡಿನಲ್ಲಿ ಬಸ್ಸು ಹತ್ತಿ ಕೂತಿದ್ದೆ. ಅಂದೇ ಕಾಸಿದ ಎಣ್ಣೆ ಆರುವುದು ತಡವಾಯಿತಂತೆ, ದೊಡ್ಡಮ್ಮ ಅಪ್ಪನ ಜೀಪಿನಲ್ಲಿ ಹಿಂದೆಯೇ ಬಂದರು. ಬಸ್ಸು ಚಲಿಸಿಯೇಬಿಟ್ಟಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದು, ಕಿಟಕಿಯೊಳಕ್ಕೆ ಬಾಟಲಿ ಚಾಚಿದರು. ನಾನು ಹಿಡಿದುಕೊಂಡೆ. ಕೈಯಿಂದ ಕೈಗೆ.

ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವರು ರಸ್ತೆಯಲ್ಲೇ ನಿಂತುಬಿಟ್ಟರು. "ಸೀಟಿನ ಮೇಲೆ ಇಡೇ! ಇಟ್ಟು ತಗೊಳೇ!" ಎಂದು ಕೂಗಿದರು. ನಾನು ಇಟ್ಟು, ಎತ್ತಿ, ನಗುತ್ತ ಬಾಟಲಿ ತೋರಿಸಿದೆ. ಅವರು ನಗಲಿಲ್ಲ. ತಿರುವಿನಲ್ಲಿ ಬಸ್ಸು ಮರೆಯಾಗುವವರೆಗೂ ಹಾಗೇ ನಿಂತಿದ್ದರು...

ಆಮೇಲೆ ಫೋನ್ ಮಾಡಿದಾಗಲೆಲ್ಲ ಅದೇ ಮಾತು. "ದೀಪಾವಳಿಗೆ ಬಂದ್ಬಿಡು. ಎಣ್ಣೆ ಸ್ನಾನದ ದಿನ ನಾನೇ ನಿನ್ ತಲೆಗೆ ಹಚ್ತೀನಿ. ಹಬ್ಬದ ಎಣ್ಣೆ ಬಿದ್ರೆ ಆ ದೋಷ ಹೋಗ್ತದೆ." ಬರುತ್ತೇನೆ ಎಂದಿದ್ದೆ. ಕೆಲಸಕ್ಕೆ ರಜೆ ಹೇಳಿ, ಬಟ್ಟೆಯನ್ನೂ ಚೀಲಕ್ಕೆ ತುಂಬಿದ್ದೆ.

ಹಬ್ಬಕ್ಕೆ ಇನ್ನೇನು ವಾರ ಇರುವಾಗ ಅಪ್ಪ ಫೋನ್ ಮಾಡಿದರು. ದೊಡ್ಡಮ್ಮ ಎದೆನೋವು ಎಂದರಂತೆ. ಮೂಡಿಗೆರೆಯ ಆಸ್ಪತ್ರೆಗೆ ಅಪ್ಪನೇ ಜೀಪಿನಲ್ಲಿ ಕರೆದೊಯ್ದರಂತೆ. ದಾರಿಯಲ್ಲೇ...

ಹಬ್ಬಕ್ಕೆ ತುಂಬಿಟ್ಟ ಚೀಲವನ್ನೇ ಹಿಡಿದು ಹೋದೆ. ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಕೊನೆಯ ಸ್ನಾನಕ್ಕೆ ಮೊದಲು ಹೆಂಗಸರು ಒಬ್ಬೊಬ್ಬರಾಗಿ ತಲೆಗೆ ಎಣ್ಣೆ ಮುಟ್ಟಿಸುತ್ತಿದ್ದರು. ಅಂಗಡಿಯ ಪ್ಯಾಕೆಟ್ ಒಡೆದು ಬಟ್ಟಲಿಗೆ ಸುರಿದ ಎಣ್ಣೆ. ನಾನು ಹತ್ತಿರ ಹೋದಾಗ ಅವರ ನಾದಿನಿ ನನ್ನನ್ನು ತಡೆದರು. "ಮೊದ್ಲು ಮನೆಯವ್ರು ಹಚ್ಲಿ. ನೀವು ಏನಾಗ್ಬೇಕು ಇವ್ರಿಗೆ?" ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಪಕ್ಕದ ಮನೆಯವಳು ಎನ್ನಬೇಕಿತ್ತು. ಹೇಗೆ ಹೇಳಲಿ?

ಜಗಲಿಯ ಕಂಬಕ್ಕೆ ಒರಗಿದ್ದ ರೈಟರ್ ದೊಡ್ಡಪ್ಪ ಎದ್ದು ಒಳಗೆ ಹೋದರು. ಜೀವಮಾನವಿಡೀ ಮಾತನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟಿದ್ದ ಮನುಷ್ಯ. ಬರುವಾಗ ಕೈಯಲ್ಲಿ ತುಂಬಿದ ಬಾಟಲಿಯಿತ್ತು. "ಹಬ್ಬಕ್ಕೆ ಅಂತ ಮೊನ್ನೆ ಕಾಸಿದ್ಲು. ಇವಳಿಗೇ ಅಂತ" ಎಂದು ತಂಗಿಗೆ ಹೇಳಿದರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ನೋಯುವ ಮಂಡಿಯನ್ನು ಹಿಡಿದುಕೊಂಡು ಬಗ್ಗಿ, ನನ್ನ ಕಾಲ ಬಳಿ ನೆಲಕ್ಕಿಟ್ಟರು.

"ತಗೋ ಮಗಾ. ನೀನೇ ಹಚ್ಚು."

ಎತ್ತಿಕೊಂಡೆ. ತಂಪಿಗೆ ಎಣ್ಣೆ ಅರೆಗಟ್ಟಿಯಾಗಿತ್ತು, ಅಂಗೈಯಲ್ಲಿ ಉಜ್ಜಿ ಕರಗಿಸಿದೆ. ಅವರ ಕೂದಲನ್ನು ಬಿಚ್ಚಿ ಹರಡಿದ್ದನ್ನು ನಾನು ನೋಡಿದ್ದು ಅಂದೇ. ಸದಾ ಗಂಟು ಕಟ್ಟಿರುತ್ತಿದ್ದರು. ತುದಿಯೆಲ್ಲ ಒಣಗಿ, ಕವಲೊಡೆದು, ಥೇಟ್ ಕತ್ತವೇ ಆಗಿತ್ತು. ಅವರನ್ನು ಕೂರಿಸಿಕೊಂಡು ಹಚ್ಚಲು ಯಾರೂ ಇರಲಿಲ್ಲವಲ್ಲ. ನೆತ್ತಿಗೆ ಮುಟ್ಟಿಸಿದರೆ ಸಾಕು, ಹೊತ್ತಾಗುತ್ತದೆ ಎಂದು ಯಾರೋ ಹೇಳಿದರು. ನಾನು ಕೇಳಲಿಲ್ಲ. ಮೊದಲು ತುದಿಗೆ ಹಚ್ಚಿದೆ, ಆಮೇಲೆ ಬುಡಕ್ಕೆ. ಒಂದೊಂದೇ ಸಿಕ್ಕನ್ನು ಬೆರಳಲ್ಲಿ ಬಿಡಿಸಿದೆ. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಮಿಕ್ಕಿದ್ದನ್ನು ದೊಡ್ಡಪ್ಪ ನನ್ನ ಜೊತೆಗೇ ಕಳಿಸಿದರು. ಇಷ್ಟಿಷ್ಟೇ ಹಚ್ಚಿಕೊಳ್ಳುತ್ತ ಈಗ ಎರಡು ಬೆರಳಿಗೆ ಬಂದಿದೆ. ನಾನೂ ಕಾಸಿ ನೋಡಿದ್ದೇನೆ. ಸೊಪ್ಪು ಅದೇ, ಉರಿಯೂ ಅದೇ ಎಂದುಕೊಳ್ಳುತ್ತೇನೆ, ಬತ್ತಿ ಚಟಪಟ ಎನ್ನುತ್ತದೆ.

ಕಿಟಕಿಯ ಬಿಸಿಲು ಗೋಡೆಗೆ ಸರಿದಿತ್ತು. ಎಣ್ಣೆ ಪೂರ್ತಿ ಕರಗಿತ್ತು. ಕೂದಲು ಬಿಚ್ಚಿಕೊಂಡು ಬಾಟಲಿಯನ್ನು ಕೈಗೆ ತೆಗೆದುಕೊಂಡೆ. ಏನೆನಿಸಿತೋ, ನೆಲಕ್ಕಿಟ್ಟೆ. ತುಸು ಹೊತ್ತು ಕಾದು, ಮತ್ತೆ ಎತ್ತಿಕೊಂಡೆ. ಈಗ ಇಡುವವಳೂ ನಾನೇ, ಎತ್ತಿಕೊಳ್ಳುವವಳೂ ನಾನೇ.